ತಡವಾದ ಜವಾಬು

೭ ಡಿಸೆಂಬರ್ ೨೦೦೩, ಭಾನುವಾರ

ಇವತ್ತಿನಿಂದ ದಿನಚರಿ. ಕಾರಣ ಸಾಹಿತ್ಯವಲ್ಲ, ಅಜೀರ್ಣ. ಯಾರಿಗೂ ಹೇಳಲಾಗದ ಮಾತುಗಳೆಲ್ಲ ಹೊಟ್ಟೆಯಲ್ಲಿ ಉಳಿದು ಹುಳಿಯಾಗುತ್ತಿವೆ. ಕನ್ನಡದಲ್ಲಿ ಬರೆದರೆ ಸುರಕ್ಷಿತ. ಅಮ್ಮಿಗೆ ಉರ್ದು ಬಿಟ್ಟು ಬೇರೆ ಲಿಪಿ ಬಾರದು. ನನ್ನಣ್ಣ ಜೀಶಾನ್ ಭಾಯಿಗೆ ಕನ್ನಡ ಬರುತ್ತದೆ, ಆದರೆ ಅವನು ಕರೆಂಟ್ ಬಿಲ್ಲಿಗಿಂತ ಉದ್ದದ್ದನ್ನು ಓದಿದ್ದು ನಾನು ಕಂಡಿಲ್ಲ. ಅಬ್ಬಾ ಅಂತರಸನಹಳ್ಳಿಯ ಲೇತ್ ಶೆಡ್ಡಿನ ಕೆಲಸದಿಂದ ಬಂದ ಮೇಲೆ ಓದುವುದು ನಮ್ಮ ಮುಖಗಳನ್ನು ಮಾತ್ರ. ಬಿ.ಎಸ್ಸಿ. ಎಲೆಕ್ಟ್ರಾನಿಕ್ಸ್ ಓದುತ್ತಲೇ ಕಾಲೇಜು ಮ್ಯಾಗಜಿನ್ನಿಗೆ ಹರಟೆ ಬರೆದು ಎರಡು ಸಲ ಪ್ರಿನ್ಸಿಪಾಲರ ಕೋಣೆಗೆ ಹೋಗಿಬಂದ ಅಂಬ್ರೀನ್ ಎಂಬ ನಾನು ಇನ್ನು ಮುಂದೆ ನನಗಾಗಿಯೇ ಬರೆಯುತ್ತೇನೆ. ಓದುಗರ ಸಂಖ್ಯೆ ಒಂದು. ಅದೂ ಪಕ್ಷಪಾತಿ.

ವಿಷಯ ಇಷ್ಟು. ಜನವರಿ ಹದಿನೆಂಟಕ್ಕೆ ನನ್ನ ನಿಕಾಹ್. ವರ ಕುಣಿಗಲ್ ಫೂಫಿಯ ಮಗ, ಅಂದರೆ ಅಬ್ಬಾನ ಅಕ್ಕನ ಮಗ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಹೆಸರಿದೆ, ಆದರೆ ಫಲಿತಾಂಶ ಇನ್ನೂ ಬಾರದ್ದರಿಂದ ಇಲ್ಲಿ ‘ಅಭ್ಯರ್ಥಿ’ ಎಂದೇ ಕರೆಯುವುದು. ಇವತ್ತು ಅಬ್ಬಾ ಕುಣಿಗಲ್ಲಿಗೆ ಹೋಗಿ ಬಂದರು. ಟೋಪಿ ತೆಗೆದು ಮೊಳೆಗೆ ಹಾಕಿ, ಫೂಫಿ ಹೇಳಿ ಕಳಿಸಿದ್ದನ್ನು ಸ್ವರ ಬದಲಿಸದೆ ಒಪ್ಪಿಸಿದರು.

“ಆ ಗುಬ್ಬಿಯವಳು ಕೂತಿರೋ ಮನೆ ಹೊಸ್ತಿಲು ನಾನು ತುಳಿಯಲ್ಲ. ನಾನು ಬರದೆ ಗಂಡಿನ ಬಾರಾತೂ ಬರಲ್ಲ. ರಾಮನಗರದಲ್ಲೂ ಹೆಣ್ಣಿದಾವೆ ಅಂತ ನಿನ್ನ ಹೆಂಡ್ತಿಗೆ ಹೇಳು.”

ಗುಬ್ಬಿಯವಳು ಅಂದರೆ ಅಮ್ಮಿಯ ಅಕ್ಕ, ನನ್ನ ಖಾಲಾ. ತಾಯಿಯಿಲ್ಲದ ಅಮ್ಮಿಯನ್ನು ಸಾಕಿ ಮದುವೆ ಮಾಡಿಕೊಟ್ಟವರು. ಅವರಿಲ್ಲದೆ ಅಮ್ಮಿ ನನ್ನನ್ನು ಮನೆಯಿಂದ ಕಳಿಸುವುದಿಲ್ಲ. ಅವರಿದ್ದರೆ ಫೂಫಿ ನನ್ನನ್ನು ಮನೆಗೆ ಕರೆದುಕೊಳ್ಳುವುದಿಲ್ಲ.

ಜಗಳ ಶುರುವಾದದ್ದು ನಾಲ್ಕು ವರ್ಷದ ಹಿಂದೆ, ಜೀಶಾನ್ ಭಾಯಿಯ ಮದುವೆಯಲ್ಲಿ. ನಮ್ಮ ಮನೆತನದ ಹೆಂಗಸರು ಮದುವೆಗೆ ಮುಂಚೆ ಢೋಲಕ್ ಇಟ್ಟುಕೊಂಡು ಎರಡು ಪಾರ್ಟಿಯಾಗಿ ಕೂತು ಒಬ್ಬರನ್ನೊಬ್ಬರು ಹಾಡಿನಲ್ಲಿ ಬೈಯುತ್ತಾರೆ. ತಾಯಿ ಕಡೆಯವರದು ಒಂದು ಪಾರ್ಟಿ, ತಂದೆ ಕಡೆಯವರದು ಒಂದು. ಏನು ಬೇಕಾದರೂ ಬೈಯಬಹುದು, ನಿಯಮ ಒಂದೇ: ಬೈದು ಮುಗಿದ ಕೂಡಲೇ ಢೋಲಕ್ಕಿನ ಏಟು ತಪ್ಪದ ಹಾಗೆ ಎದುರು ಪಾರ್ಟಿ ಜವಾಬು ಎತ್ತಿಕೊಳ್ಳಬೇಕು. ಏಟು ತಪ್ಪಿದರೆ ಸೋತ ಹಾಗೆ. ಜವಾಬೇ ಬಾರದಿದ್ದರೆ ಬೈದದ್ದು ನಿಜವೆಂದು ಒಪ್ಪಿಕೊಂಡ ಹಾಗೆ. ಅವತ್ತು ಖಾಲಾ ಹಾಡಿದ್ದರ ಸಾರಾಂಶ: ಕುಣಿಗಲ್ಲಿನ ಬೀಗಿತ್ತಿಗೆ ಬಿರಿಯಾನಿ ಸಾಲುತ್ತಿಲ್ಲ, ಹುರುಳಿ ಚೀಲ ಬಿಚ್ಚಿ, ಅವರೂರಿನ ಕುದುರೆ ಫಾರಂನ ಸಾಲಿನಲ್ಲಿ ಕಟ್ಟಿ. ಫೂಫಿ ಜವಾಬಿಗೆ ಬಾಯಿ ತೆರೆದರು. ಅಷ್ಟರಲ್ಲಿ ಯಾರೋ ಬಾಗಿಲಿಗೆ ಬಂದು “ಊಟ ಹಾಕಿದೆ, ಏಳಿ” ಅಂದರು. ಎಲ್ಲ ಎದ್ದರು. ಢೋಲಕ್ ನಿಂತಿತು. ಅಂದಿನಿಂದ ಫೂಫಿ ಅಧಿಕೃತವಾಗಿ ಕುದುರೆ.

ಬೀಗರು ಎಂಬ ಪದ ‘ಬೀಗು’ವುದರಿಂದಲೇ ಬಂದಿರಬೇಕು. ಇಬ್ಬರೂ ಬೀಗಿದರೆ ಮದುವೆ ಮನೆಗೆ ಬೀಗ. ಚೆನ್ನಾಗಿದೆ. ನಗು ಬರುತ್ತಿಲ್ಲ.

೧೦ ಡಿಸೆಂಬರ್, ಬುಧವಾರ

ಉಪಾಯ ಹೊಳೆದಿದೆ.

ಮಂಡಿಪೇಟೆಯಲ್ಲಿ ನಮ್ಮ ಕ್ಯಾಸೆಟ್ ಅಂಗಡಿ. ಅದರ ಮಹಡಿಯಲ್ಲಿ ಒಂದು ಕಂಪ್ಯೂಟರು, ನಾಲ್ಕು ಮೈಕು, ಗೋಡೆಗೆ ಅಂಟಿಸಿದ ಮೊಟ್ಟೆ ಟ್ರೇಗಳು. ಇದಕ್ಕೆ ಜೀಶಾನ್ ಭಾಯಿ ಸ್ಟುಡಿಯೋ ಅನ್ನುತ್ತಾನೆ. ಬೋರ್ಡು ಅವನದು, ಕೆಲಸ ನನ್ನದು. ಭಜನೆ, ಪ್ರವಾದಿಯ ನಾತ್ ಗೀತೆ, ಚುನಾವಣೆ ಪ್ರಚಾರ. ಎಲ್ಲ ದೇವರು, ಎಲ್ಲ ಪಕ್ಷ. ಮೈಕುಗಳನ್ನು ಕಂಪ್ಯೂಟರಿಗೆ ಸೇರಿಸಲು ಒಂದು ಡಬ್ಬಿಯಿದೆ. ಅದಕ್ಕೆ ನಾಲ್ಕೇ ತೂತು. ನಾಲ್ಕು ಮೈಕಿನ ದನಿ ನಾಲ್ಕು ಬೇರೆ ಬೇರೆ ಟ್ರ್ಯಾಕಿನಲ್ಲಿ ಕೂರುತ್ತದೆ. ಆಮೇಲೆ ಬೇಕಾದವರನ್ನು ಏರಿಸಿ, ಬೇಡವಾದವರನ್ನು ಇಳಿಸಬಹುದು. ಸಂಸಾರಕ್ಕೂ ಇಂಥದೊಂದು ಡಬ್ಬಿ ಇರಬೇಕಿತ್ತು.

ಇನ್ನೊಂದು ಡಬ್ಬಿ ತಂದು ಎರಡನ್ನೂ ಒಂದೇ ಕಂಪ್ಯೂಟರಿಗೆ ಕಟ್ಟಿದರೆ ಎಂಟು ಮೈಕು. ನಮ್ಮ ಮನೆಯ ಹಾಲಿನಲ್ಲಿ ಖಾಲಾ ಪಾರ್ಟಿ, ಒಳಕೋಣೆಯಲ್ಲಿ ಫೂಫಿ ಪಾರ್ಟಿ. ಮುಖ ನೋಡುವ ಹಾಗಿಲ್ಲ, ಹೆಡ್‌ಫೋನಿನಲ್ಲಿ ದನಿ ಮಾತ್ರ. ಬೈದಾಡಲಿ, ಬಾಕಿ ಉಳಿದ ಜವಾಬು ತೀರಲಿ, ಕುದುರೆ ಮನುಷ್ಯಳಾಗಲಿ. ಹೆಂಗಸರ ಹಾಡಿನ ಹತ್ತಿರ ಗಂಡಸರು ಸುಳಿಯುವಂತಿಲ್ಲವಾದ್ದರಿಂದ ಮದುಮಗಳೇ ರೆಕಾರ್ಡಿಸ್ಟ್. ಇದು ಜುಗಲ್‌ಬಂದಿಯಲ್ಲ, ಜಗಳ್‌ಬಂದಿ.

ಇನ್ನೊಂದು ಡಬ್ಬಿ ಇರುವುದು ಜೀಶಾನ್ ಭಾಯಿಯ ಗೆಳೆಯ ಭಾನುಪ್ರಕಾಶರ ಹತ್ತಿರ. ಊರೂರು ತಿರುಗಿ ಭಜನಾ ಮಂಡಳಿಗಳನ್ನು ರೆಕಾರ್ಡ್ ಮಾಡುವವರು. ಫೋನಿನಲ್ಲಿ ಕೇಳಿದೆ.

“ಭಾನು ಅಣ್ಣ, ಎರಡೂ ಬಾಕ್ಸು ಓಡ್ತಾವಾ?”

“ಓಡ್ತವೆ ಕಣಮ್ಮ. ಯಾಕೆ ಓಡಲ್ಲ, ಎರಡೂ ಓಡ್ತವೆ.”

ಸಂಜೆ ಅಬ್ಬಾ ಕುಣಿಗಲ್ಲಿಗೆ ಫೋನು ಮಾಡಿದರು. ಫೂಫಿ ಬಹಳ ಹೊತ್ತು ಸುಮ್ಮನಿದ್ದರಂತೆ. ಆಮೇಲೆ, “ಹಾಡಕ್ಕೆ ಬರ್ತೀನಿ. ಮುಖ ನೋಡಕ್ಕಲ್ಲ” ಅಂದರಂತೆ. ಆ ಬಹಳ ಹೊತ್ತಿನಲ್ಲಿ ಅವರು ಕುದುರೆಗೆ ಜವಾಬು ಕಟ್ಟುತ್ತಿದ್ದರು ಎಂದು ನನ್ನ ಅನುಮಾನ.

೧೪ ಡಿಸೆಂಬರ್, ಭಾನುವಾರ

ಆಯಿತು. ಬದುಕಿದ್ದೇನೆ.

ನಮ್ಮ ಮನೆ ಇರುವುದು ಗುಬ್ಬಿ ಗೇಟಿನಲ್ಲಿ. ಫೂಫಿ ಆಟೋ ಇಳಿಯುತ್ತಲೇ, “ಗುಬ್ಬಿ ಗೇಟು ಅಂದ್ರೆ ಅರ್ಧ ಗುಬ್ಬಿನೇ” ಅಂದು ಹಿತ್ತಲ ಬಾಗಿಲಿನಿಂದ ಬಂದರು. ಖಾಲಾ ಮುಂಬಾಗಿಲಿನಿಂದ. ಮಧ್ಯದ ಬಾಗಿಲಿಗೆ ನಾನು ಹತ್ತಿ ತುಂಬಿದ ಮೂರು ರಜಾಯಿ ನೇತುಹಾಕಿದ್ದೆ. ಆದರೂ ಖಾಲಾರ ದನಿ ಅಷ್ಟಿಷ್ಟು ಸೋರಿ ಫೂಫಿಯ ಮೈಕಿಗೆ ಬೀಳುತ್ತಿತ್ತು. ಆ ಗಂಟಲಿಗೆ ರಜಾಯಿ ಏನು, ಕೋಟೆ ಗೋಡೆಯೂ ಸಾಲದು. ಬಾಗಿಲ ಪಕ್ಕ ಕಂಪ್ಯೂಟರು, ಅದರ ಮುಂದೆ ನಾನು. ಢೋಲಕ್ ಹಾಲಿನಲ್ಲಿ, ಖಾಲಾರ ಸೊಸೆಯ ಕೈಯಲ್ಲಿ.

ಹಾಡು ಶುರುವಾಗುವ ಮುಂಚೆ ಎರಡೂ ಕಡೆ ಕೇಳುವ ಹಾಗೆ ರಜಾಯಿ ಸರಿಸಿ ಒಂದು ಚಪ್ಪಾಳೆ ಹೊಡೆದೆ. ಎರಡು ಡಬ್ಬಿಯ ಟ್ರ್ಯಾಕುಗಳಲ್ಲೂ ಆ ಚಪ್ಪಾಳೆಯನ್ನು ಹುಡುಕಿ ಒಂದರ ಕೆಳಗೊಂದು ಕೂರಿಸಿದರೆ ಎರಡು ಕೋಣೆ ಒಂದಾದ ಹಾಗೆ. ಚಪ್ಪಾಳೆ ಕೇಳಿ ಖಾಲಾ, “ಇನ್ನೂ ಹಾಡೇ ಇಲ್ಲ, ಆಗಲೇ ಮೆಚ್ಕೊಂಡ್ಲು ನೋಡು” ಅಂದರು.

ಮಧ್ಯೆ ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲವೆಂಬ ಹೆದರಿಕೆಗೆ ಒಂದೇ ಸಮನೆ ರೆಕಾರ್ಡ್ ಮಾಡಿದೆ. ಖಾಲಾ ಅಬ್ಬಾನ ಕಡೆಯವರ ಮೂಗು, ಬಣ್ಣ, ಸಕ್ಕರೆಯಿಲ್ಲದ ಚಹಾ ಎಲ್ಲವನ್ನೂ ಬೈದರು. ಫೂಫಿ ಅಮ್ಮಿಯ ಕಡೆಯವರ ಅಡುಗೆ, ಕುಳ್ಳು, ನಿದ್ದೆ ಬೈದರು. ಕೊನೆಗೆ ಖಾಲಾ ಬೇಕೆಂತಲೇ ಆ ಹಳೆಯ ಕುದುರೆಯನ್ನು ಬಿಚ್ಚಿ ತಂದರು. ಒಳಗಿನಿಂದ ಫೂಫಿ ಎತ್ತಿಕೊಂಡರು: ಕುದುರೆ ತನ್ನ ಲಾಯದಲ್ಲಿ ತನ್ನ ಹುರುಳಿ ತಿನ್ನುತ್ತದೆ, ಗುಬ್ಬಿಗೆ ಲಾಯವೂ ಇಲ್ಲ ಹುರುಳಿಯೂ ಇಲ್ಲ, ಕಂಡವರ ಅಂಗಳದ ಕಾಳು ಹೆಕ್ಕಿಯೇ ಹೊಟ್ಟೆ. ಉರ್ದು ಹಾಡಿನ ನಟ್ಟನಡುವೆ ಅಚ್ಚ ಕನ್ನಡದ ಗುಬ್ಬಿ ಬಂದು ಕೂತಿತು. ಎರಡೂ ಕೋಣೆಯ ಹೆಂಗಸರು ನಕ್ಕ ನಗೆಗೆ ಕಂಪ್ಯೂಟರಿನ ಪರದೆಯ ಮೇಲಿನ ಗೆರೆಗಳೆಲ್ಲ ಕೆಂಪಾದವು.

ನಾಲ್ಕು ವರ್ಷ ಕಟ್ಟಿದ ಜವಾಬು. ಚೆನ್ನಾಗಿ ಕಟ್ಟಿದ್ದರು.

೧೬ ಡಿಸೆಂಬರ್, ಮಂಗಳವಾರ

ಚಪ್ಪಾಳೆಗೆ ಚಪ್ಪಾಳೆ ಕೂರಿಸಿದೆ. ಮೊದಲ ಎರಡು ಹಾಡು ಕೇಳಿದೆ, ಎದುರುಬದುರು ಕೂತು ಹಾಡಿದ ಹಾಗೇ ಇದೆ. ಗಿರಾಕಿಗಳ ಗಲಾಟೆಯಲ್ಲಿ ಮುಂದಕ್ಕೆ ಕೇಳಲಾಗಲಿಲ್ಲ. ಎರಡು ಕ್ಯಾಸೆಟ್ ಮಾಡಿ ಗುಬ್ಬಿಗೊಂದು, ಕುಣಿಗಲ್ಲಿಗೊಂದು ಬಸ್ಸಿನಲ್ಲಿ ಕಳಿಸಿದ್ದಾಯಿತು. ಹಸಿವಾಗುತ್ತಿದೆ. ಎಷ್ಟೋ ದಿನದ ಮೇಲೆ.

೧೮ ಡಿಸೆಂಬರ್, ಗುರುವಾರ

ಮೊದಲು ಗುಬ್ಬಿಯಿಂದ ಅಮ್ಮಿಗೆ ಫೋನು. ಖಾಲಾ ನಗುತ್ತಿದ್ದರು. “ಕೇಳಿದ್ಯಾ ಸಲೀಮಾ? ಕುದುರೆ ಮುಗ್ಗರಿಸ್ತು. ನಾನು ಬೈದು ಮುಗಿಸಿ, ಉಸಿರು ತಗೊಂಡು, ಎಲೆ ಅಡಿಕೆ ಹಾಕ್ಕೊಂಡ್ರೂ ಅವಳ ಜವಾಬು ಬರಲ್ಲ.”

ಅಮ್ಮಿ ರಿಸೀವರ್ ಇಡುವಷ್ಟರಲ್ಲಿ ಕುಣಿಗಲ್ಲಿನದು. ಫೂಫಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಅಂಬ್ರೀನ್, ನಾನು ಏಟು ತಪ್ಪಿದ್ನಾ?”

“ಇಲ್ಲ ಫೂಫಿ.”

“ಮತ್ತೆ ಕ್ಯಾಸೆಟ್‌ನಲ್ಲಿ ಯಾಕೆ ತಪ್ಪಿದೀನಿ?”

ಫೋನಿಟ್ಟ ಮೇಲೆ ಅಂಗಡಿಗೆ ಹೋದೆ. ಹಾಡುಗಳನ್ನು ಹಾಕಿ ಕೇಳಿದೆ, ಈ ಸಲ ಕೊನೆಯವರೆಗೂ. ಮೊದಲ ಹಾಡುಗಳು ಸರಿಯಾಗಿವೆ. ಕೊನೆಯ ಕುದುರೆ ಹಾಡಿನಲ್ಲಿ ಫೂಫಿಯ ಜವಾಬು ಏಟಿನ ಮೇಲೆ ಬೀಳುವುದಿಲ್ಲ, ಏಟು ದಾಟಿದ ಮೇಲೆ ಬೀಳುತ್ತದೆ. ಅರ್ಧ ಸೆಕೆಂಡೂ ಇಲ್ಲ. ಆದರೆ ನಮ್ಮ ಮನೆಯ ಹೆಂಗಸರಿಗೆ ಅಷ್ಟು ಸಾಕು.

“ನೀನು ಗುಬ್ಬಿಯವಳ ಮಡಿಲಲ್ಲಿ ಬೆಳೆದೋಳು. ತಿರುಚಿದೀಯ. ನನ್ನ ಮಗಂಗೆ ಇಂಥ ಕೈ ಬೇಡ.” ಫೋನಿಡುವ ಮುಂಚೆ ಫೂಫಿ ಹೇಳಿದ ಕೊನೆಯ ಮಾತು ಇದು.

೧೯ ಡಿಸೆಂಬರ್

ಅಮ್ಮಿ ಗೋಟಾ ಜರಿ ಹಚ್ಚುತ್ತಿದ್ದ ನನ್ನ ಮದುವೆಯ ಕೆಂಪು ದುಪಟ್ಟಾವನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ಸೂಜಿ ಅದರಲ್ಲೇ ಇದೆ.

೨೧ ಡಿಸೆಂಬರ್, ಭಾನುವಾರ

ಅಂಗಡಿಯ ಫೋನಿಗೆ ಅಭ್ಯರ್ಥಿಯ ಕರೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಇಷ್ಟು ಮಾತಾಡಿದ್ದು.

“ಕ್ಯಾಸೆಟ್ ಕೇಳಿದೆ” ಅಂದರು.

“ಹೆಂಗಸರ ಹಾಡು ಗಂಡಸರು ಕೇಳಬಾರದು.”

“ನಮ್ಮಮ್ಮಿ ಅಡುಗೆಮನೇಲಿ ಹಾಕಿದ್ರು. ನಾನು ಜಗಲಿ ಮೇಲೆ ಕೂತು ಕೇಳದೇ ಇರಕ್ಕೆ ಪ್ರಯತ್ನಪಟ್ಟೆ. ಮೂರು ಸಲ.”

ನಾನು ನಗಲಿಲ್ಲ. ನಗು ಗಂಟಲಿಗೆ ಬಂದಿತ್ತು, ಆದರೂ.

“ಒಂದು ಮಾತು” ಅಂದರು. “ತಡ ಆಗಿರೋದು ಒಂದೇ ಸಲಕ್ಕಲ್ಲ. ಮೊದಲನೇ ಸೈಡಿನ ಕೊನೇಲಿ ಒಂಚೂರು, ಎರಡನೇ ಸೈಡಲ್ಲಿ ಇನ್ನೊಂಚೂರು. ಬರ್ತಾ ಬರ್ತಾ ಜಾಸ್ತಿ ಆಗಿದೆ. ಮನುಷ್ಯರು ಹಂಗೆ ತಡ ಮಾಡಲ್ಲ. ಮಾಡಿದ್ರೆ ಒಂದ್ಸಲ ಮಾಡ್ತಾರೆ, ಆಮೇಲೆ ಸರಿಹೋಗ್ತಾರೆ.”

ಫೋನಿಟ್ಟ ಮೇಲೆ ಬಹಳ ಹೊತ್ತು ಅದನ್ನೇ ಯೋಚಿಸಿದೆ. ಕಾಂಪೌಂಡರ್ ಸಾಹೇಬರಿಗೆ ಕಿವಿಯಿದೆ. ದನಗಳು ಮಾತಾಡುವುದಿಲ್ಲವಾದ್ದರಿಂದ ಅವರು ಕೇಳುವುದನ್ನು ಕಲಿತಿರಬೇಕು.

೨೨ ಡಿಸೆಂಬರ್, ಸೋಮವಾರ

ಟಿಕ್ ಟಿಕ್ ಅನ್ನುವ ಮೇಜಿನ ಗಡಿಯಾರವೊಂದನ್ನು ಇಟ್ಟು, ಅದರ ಎದುರಿಗೆ ಎರಡು ಡಬ್ಬಿಯಿಂದಲೂ ಒಂದೊಂದು ಮೈಕು ಹಿಡಿಸಿ ರೆಕಾರ್ಡ್ ಹಚ್ಚಿ ಊಟಕ್ಕೆ ಹೋದೆ. ಬಂದು ನೋಡಿದರೆ ಶುರುವಿನಲ್ಲಿ ಎರಡೂ ಟ್ರ್ಯಾಕಿನ ಟಿಕ್ಕು ಒಂದರ ಕೆಳಗೊಂದು. ಕೊನೆಯಲ್ಲಿ ಒಂದು ಟಿಕ್ಕಿನ ಹಿಂದೆ ಇನ್ನೊಂದು ಕುಂಟುತ್ತ ಬರುತ್ತಿದೆ. ಭಾನುಪ್ರಕಾಶರಿಗೆ ಫೋನು ಮಾಡಿದೆ.

“ಅಯ್ಯೋ ಅದಾ. ಒಂದೊಂದು ಬಾಕ್ಸಿನೊಳಗೂ ಒಂದೊಂದು ಗಡಿಯಾರ ಇರುತ್ತೆ ಕಣಮ್ಮ. ಒಂದು ಒಂಚೂರು ಜೋರು, ಒಂದು ಒಂಚೂರು ನಿಧಾನ. ಸಣ್ಣ ಹಾಡಿಗೆ ಗೊತ್ತಾಗಲ್ಲ. ಉದ್ದಕ್ಕೆ ಎಳೆದ್ರೆ ದೂರ ಆಗ್ತವೆ.”

“ಎರಡೂ ಓಡ್ತವೆ ಅಂದ್ರಲ್ಲಣ್ಣ ನೀವು.”

“ಓಡ್ತವೆ ಅಂದೆ. ಜೊತೇಲಿ ಓಡ್ತವೆ ಅಂತ ನಾನೆಲ್ಲಿ ಅಂದೆ?”

ಪರಿಹಾರವಿದೆಯಂತೆ. ಎರಡಕ್ಕೂ ನಡುವೆ ಒಂದು ತಂತಿ ಕೊಟ್ಟು, ಒಂದು ಡಬ್ಬಿ ತನ್ನ ಗಡಿಯಾರ ಬಿಟ್ಟು ಇನ್ನೊಂದರದ್ದನ್ನು ಕೇಳಿಕೊಂಡು ನಡೆಯುವ ಹಾಗೆ ಮಾಡಬೇಕು. “ನನ್ನ ಬಾಕ್ಸಲ್ಲಿ ಆ ತೂತೇ ಇಲ್ಲ, ಬುಡು” ಅಂದರು.

ಕಾಲೇಜಿನಲ್ಲಿ ಇಂಥ ಗಡಿಯಾರ ನಡೆಸುವ ಸ್ಫಟಿಕದ ಕಂಪನದ ಮೇಲೆ ಎರಡು ಪುಟ ಬರೆದು ಒಳ್ಳೆಯ ಅಂಕ ತಗೊಂಡವಳು ನಾನು. ಗಡಿಯಾರ ಎಂಬ ಪದವನ್ನು ಒಡೆದು ಬರೆದರೆ ‘ಗಡಿ ಯಾರ?’ ಗಡಿ ದಾಟಿದ್ದು ಫೂಫಿಯಲ್ಲ, ಖಾಲಾ ಅಲ್ಲ, ಎರಡು ಡಬ್ಬಿ. ತಾಳ ತಪ್ಪಿದ್ದು ಅವುಗಳದು, ತಾಳ್ಮೆ ತಪ್ಪಿದ್ದು ನನ್ನದು. ಕೊನೆಯಲ್ಲೂ ಒಂದು ಚಪ್ಪಾಳೆ ಹೊಡೆದಿದ್ದರೆ, ಕೊನೆಯವರೆಗೂ ಕೇಳಿದ್ದರೆ, ಆ ದುಪಟ್ಟಾ ಟ್ರಂಕಿನೊಳಗೆ ಇರುತ್ತಿರಲಿಲ್ಲ.

೨೬ ಡಿಸೆಂಬರ್, ಶುಕ್ರವಾರ

ಮೂರು ದಿನ ಕೂತು ಸರಿಮಾಡಿದೆ. ಫೂಫಿ ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಟ್ರ್ಯಾಕನ್ನು ಕತ್ತರಿಸಿ ಒಂದೊಂದು ತುಂಡನ್ನೂ ಎಳೆದು ಏಟಿನ ಮೇಲೆ ಕೂರಿಸಿದೆ. ಎಲ್ಲಿ ಕೂರಿಸಬೇಕೆಂದು ಹೇಳಿಕೊಟ್ಟದ್ದು ನಾನು ಶಪಿಸಿದ್ದ ಆ ಸೋರಿಕೆಯೇ. ಫೂಫಿಯ ಮೈಕುಗಳನ್ನಷ್ಟೇ ಕೇಳಿದರೆ, ಹಿಂದೆ ದೂರದಲ್ಲಿ ರಜಾಯಿಯಾಚೆಯಿಂದ ಖಾಲಾರ ದನಿ, ಢೋಲಕ್ಕು, ಅದರ ಮೇಲೆ ಸರಿಯಾಗಿ ಫೂಫಿಯ ಜವಾಬು. ಒಂದು ಕೂದಲೆಳೆಯಷ್ಟೂ ತಡವಿಲ್ಲ.

ಬೆರಳು ನೋಯುತ್ತಿದೆ. ಹೊಸ ಕ್ಯಾಸೆಟ್ ಎರಡೂ ಊರಿಗೆ ಹೋಯಿತು. ಇದರ ಜೊತೆ ಏನಾಯಿತೆಂದು ವಿವರಿಸಿ ಅಬ್ಬಾನಿಂದ ಫೋನೂ ಮಾಡಿಸಿದೆ. ‘ಗಡಿಯಾರ’ ಎಂದು ಹೇಳುವಾಗ ಅಬ್ಬಾ ಯಾಕೋ ನನ್ನ ಮುಖ ನೋಡಿದರು.

೨೯ ಡಿಸೆಂಬರ್, ಸೋಮವಾರ

ಫೂಫಿ: “ಈಗ ಸರಿ ಮಾಡಕ್ಕೆ ಬರುತ್ತೆ ಅಂದ್ಮೇಲೆ, ಆವಾಗ ಕೆಡಿಸಕ್ಕೂ ಬರ್ತಿತ್ತು ತಾನೆ?”

ಖಾಲಾ: “ಅವಳ ಜವಾಬನ್ನ ನೀನು ಕೈಯಾರೆ ಮುಂದಕ್ಕೆ ತಳ್ಳಿದ್ಯಾ? ಹಂಗಾದ್ರೆ ಜವಾಬು ಕೊಟ್ಟೋಳು ನೀನು. ಅವಳಲ್ಲ.”

ಇಬ್ಬರ ತರ್ಕದಲ್ಲೂ ತಪ್ಪು ಹುಡುಕುತ್ತಿದ್ದೇನೆ. ಸಿಗುತ್ತಿಲ್ಲ.

೨ ಜನವರಿ ೨೦೦೪, ಶುಕ್ರವಾರ

ರಾಮನಗರದ ಹೆಣ್ಣಿನ ಕಡೆಯವರು ಕುಣಿಗಲ್ಲಿಗೆ ಬಂದು ಹೋದರಂತೆ. ಹೇಳಿದ್ದು ಜೀಶಾನ್ ಭಾಯಿ, ನನ್ನ ಕಡೆ ನೋಡದೆ, ಕ್ಯಾಸೆಟ್‌ಗಳ ಧೂಳು ಒರೆಸುತ್ತ. ಧೂಳಿಲ್ಲದ ಕ್ಯಾಸೆಟ್‌ಗಳು.

ಮಧ್ಯಾಹ್ನ ಅಭ್ಯರ್ಥಿಯ ಫೋನು.

“ಬಂದಿದ್ರಂತೆ” ಅಂದೆ.

“ಬಂದಿದ್ರಂತೆ. ನಾನಿರಲಿಲ್ಲ. ಎಡೆಯೂರಿನ ಹತ್ರ ಒಂದು ಎಮ್ಮೆ ಹೆರಿಗೆ.”

“ಕಷ್ಟದ ಹೆರಿಗೆಯಾ?”

“ಇಲ್ಲ, ಸುಲಭವಾಗೇ ಆಯ್ತು. ನಾನೇ ಸಂಜೆವರೆಗೂ ಅಲ್ಲೇ ಕೂತಿದ್ದೆ.”

ಆಮೇಲೆ ಇಬ್ಬರೂ ಸುಮ್ಮನಿದ್ದೆವು. ಎಸ್‌ಟಿಡಿ ಬೂತಿನಿಂದ ಮಾಡಿದ್ದರು. ಯಂತ್ರ ಟಕ್ ಟಕ್ ಅನ್ನುವುದು ಕೇಳಿಸುತ್ತಿತ್ತು. ಸುಮ್ಮನಿರುವುದಕ್ಕೂ ಬಿಲ್ಲು ಏರುತ್ತದೆಂದು ಹೇಳಬೇಕೆನಿಸಿತು, ಹೇಳಲಿಲ್ಲ.

ನನಗೇನೂ ಅವಸರವಿಲ್ಲವೆಂದು ಇಲ್ಲಿ ಬರೆಯೋಣವೆಂದು ಪೆನ್ನು ತೆಗೆದೆ. ಓದುವವಳು ನಾನೊಬ್ಬಳೇ. ಯಾರಿಗೆ ಸುಳ್ಳು ಹೇಳಲಿ.

೫ ಜನವರಿ, ಸೋಮವಾರ

ಅಮ್ಮಿಗೂ ಹೇಳದೆ ನಾನೇ ಫೂಫಿಗೆ ಫೋನು ಮಾಡಿದೆ. ಮದುಮಗಳು ಅತ್ತೆಯಾಗುವವರಿಗೆ ಹೀಗೆ ಫೋನು ಮಾಡುವುದು ಮರ್ಯಾದೆಯಲ್ಲ. ಮದುಮಗಳಾಗಿ ಉಳಿದಿದ್ದೇನೋ ಇಲ್ಲವೋ ಎಂಬುದೇ ಗೊತ್ತಿಲ್ಲದಾಗ ಯಾವ ಮರ್ಯಾದೆ.

ತಮಾಷೆಯಾಗಿ ಶುರುಮಾಡಬೇಕೆಂದು ಎರಡು ಮಾತು ಹೊಂದಿಸಿಟ್ಟುಕೊಂಡಿದ್ದೆ. “ಹೇಳು” ಎಂಬ ಅವರ ದನಿ ಕೇಳಿದ ಕೂಡಲೇ ಎರಡೂ ಮರೆತುಹೋದವು.

“ಫೂಫಿ, ನಿಮ್ಮ ಮೈಕಲ್ಲಿ ಖಾಲಾ ದನಿ ಹಿಂದೆ ಸಣ್ಣಗೆ ಸೇರ್ಕೊಂಡಿದೆ. ಅದನ್ನ ನಾನು ಮುಟ್ಟಿಲ್ಲ, ಮುಟ್ಟಕ್ಕೂ ಆಗಲ್ಲ. ಅದರಲ್ಲಿ ನೀವು ಸರಿಯಾಗಿ ಏಟಿನ ಮೇಲೇ ಎತ್ತಿದೀರ. ಬೇಕಾದ್ರೆ ಫೋನಲ್ಲೇ ಕೇಳಿಸ್ತೀನಿ.”

“ಬೇಡ. ನಾನು ಏಟಿನ ಮೇಲೇ ಎತ್ತಿದೀನಿ ಅಂತ ನನಗೆ ಗೊತ್ತಿಲ್ವೇನೇ? ಗೊತ್ತಾಗ್ಬೇಕಾದ್ದು ಅವಳಿಗೆ. ನಾಲ್ಕು ವರ್ಷ ಕಾದು ಜವಾಬು ಕೊಟ್ಟೆ, ಗೋಡೆಗೆ ಕೊಟ್ಟೆ. ಅವಳ ಮುಖ ಹೆಂಗಾಯ್ತು ಅಂತ ನೋಡ್ದೋರು ಯಾರು?”

“ನಾನೂ ನೋಡ್ಲಿಲ್ಲ ಫೂಫಿ. ನಾನು ಕಂಪ್ಯೂಟರಿನ ಗೆರೆ ನೋಡ್ತಿದ್ದೆ.”

“ಎದುರಿಗೆ ಕೂರ್ಸು ಅವಳನ್ನ. ಒಂದೇ ರೂಮು, ಒಂದೇ ಡಬ್ಬಿ. ಗೋಡೆ ಇಲ್ಲ, ರಜಾಯಿ ಇಲ್ಲ. ಯಾರು ತಡ ಮಾಡ್ತಾರೆ ನೋಡೇಬಿಡ್ತೀನಿ. ತಡ ಮಾಡಿದ್ರೆ ಅವಳು ಹೇಳ್ದಂಗೆ ನಾನು ಕುದುರೆ. ರಾಮನಗರದವರಿಗೆ ಹೂಂ ಅಂತೀನಿ.”

ಗುಬ್ಬಿಗೆ ಫೋನು ಮಾಡಿ ಇದನ್ನೇ ಹೇಳಿದೆ. ಖಾಲಾ, “ಬರ್ಲಿ ಅವಳು” ಅಂದರು. ಕೆಮ್ಮುತ್ತಿದ್ದರು. ಈ ಚಳಿಗೆ ಅವರಿಗೆ ಉಬ್ಬಸ ಕಾಣಿಸಿಕೊಂಡಿದೆ.

೯ ಜನವರಿ

ಊಟ ಸೇರುತ್ತಿಲ್ಲ. ಫೂಫಿ ತಡ ಮಾಡಿದರೆ ರಾಮನಗರ. ಖಾಲಾ ತಡ ಮಾಡಿದರೆ, ಸೋತ ಅಕ್ಕನ ಮುಖ ನೋಡಿಕೊಂಡು ಅಮ್ಮಿ ನನ್ನನ್ನು ಹೇಗೆ ಕಳಿಸುತ್ತಾಳೆ. ಖಾಲಾ ಆಮೇಲೆ ಈ ಮನೆಗೆ ಬರುತ್ತಾರೆಯೇ. ಯಾರೂ ಸೋಲದ ಹಾಗೆ ಮಾಡುವ ಬಟನ್ನು ಯಾವ ಕಂಪ್ಯೂಟರಿನಲ್ಲೂ ನೋಡಿಲ್ಲ.

೧೧ ಜನವರಿ, ಭಾನುವಾರ

ಒಂದೇ ಡಬ್ಬಿ, ನಾಲ್ಕು ಮೈಕು, ಹಾಲಿನ ಮಧ್ಯೆ ಚಾಪೆ. ಖಾಲಾ ಗೋಡೆಗೊರಗಿ ಕೂತರು. ಫೂಫಿ ಎದುರಿಗೆ ಕೂತು ಬುರ್ಖಾ ಮಡಿಸಿ ಪಕ್ಕಕ್ಕಿಟ್ಟರು. ಸಲಾಮು ಹೇಳಿದ್ದು ಇಬ್ಬರೂ ಢೋಲಕ್ಕಿಗೆ. ಖಾಲಾರ ಸೊಸೆ ಢೋಲಕ್ ಎಳೆದುಕೊಂಡಳು.

“ಅದನ್ನ ಕೆಳಗಿಡು” ಅಂದರು ಫೂಫಿ. “ಢೋಲಕ್ಕು ನಿಮ್ಮ ಕೈಲಿದ್ರೆ ತಾಳ ನಿಮ್ಮದು. ನನ್ನ ಮಗಳು ಬಾರಿಸ್ತಾಳೆ.”

“ನಿನ್ನ ಮಗಳು ಬಾರಿಸಿದ್ರೆ ತಾಳ ನಿಮ್ಮದಾಗಲ್ವಾ?” ಅಂದರು ಖಾಲಾ.

ಪಕ್ಕದ ಮನೆಯವರನ್ನು ಕರೆಯೋಣವೆಂದಳು ಅಮ್ಮಿ. ಹೊರಗಿನವರು ಬೇಡವೆಂದು ಇಬ್ಬರೂ ಒಟ್ಟಿಗೇ ಅಂದರು. ಒಟ್ಟಿಗೇ ಅಂದದ್ದಕ್ಕೆ ಇಬ್ಬರಿಗೂ ಸಿಟ್ಟು ಬಂತು. ಢೋಲಕ್ ಚಾಪೆಯ ಮಧ್ಯೆ ಉರುಳಿಕೊಂಡಿತ್ತು. ನಾನು ಕಂಪ್ಯೂಟರಿನ ಮುಂದೆ ಕೂತು, ಇದು ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ಆಗ ಫೂಫಿ ನನ್ನ ಕಡೆ ತಿರುಗಿದರು. “ಇವಳು ಯಾರ ಪಾರ್ಟಿ?”

“ತಂಗಿ ಮಗಳು. ನಮ್ಮ ಪಾರ್ಟಿ” ಅಂದರು ಖಾಲಾ.

“ತಮ್ಮನ ಮಗಳು. ನಮ್ಮ ಪಾರ್ಟಿ.”

ಮದುಮಗಳು ತನ್ನ ಮದುವೆಯ ಢೋಲಕ್ ಮುಟ್ಟುವುದು ನಮ್ಮಲ್ಲಿ ಎಲ್ಲೂ ಇಲ್ಲ. ಅವಳು ತಲೆ ತಗ್ಗಿಸಿ ಬೈಸಿಕೊಳ್ಳಬೇಕು, ಅಷ್ಟೆ. ಅಮ್ಮಿ ಬೇಡ ಅನ್ನಲು ಬಾಯಿ ತೆರೆದು ಅಕ್ಕನ ಮುಖ ನೋಡಿದಳು. ಖಾಲಾ ಢೋಲಕ್ಕನ್ನು ನನ್ನ ಕಡೆಗೆ ಉರುಳಿಸಿದರು. ನಾನು ಕುರ್ಚಿ ಬಿಟ್ಟು ಎದ್ದು ಹೋಗಿ ಇಬ್ಬರ ನಡುವೆ ಕೂತೆ. ಬಾರಿಸುವುದು ಚಿಕ್ಕಂದಿನಲ್ಲಿ ಖಾಲಾರ ತೊಡೆಯ ಮೇಲೆ ಕೂತು ಕಲಿತದ್ದು. ಢೋಲಕ್ ಹತ್ತಿರ ಎಳೆದುಕೊಂಡೆ.

ಶುರುವಾಯಿತು. ಮೂಗು, ಬಣ್ಣ, ಅಡುಗೆ, ನಿದ್ದೆ. ಎದುರಿಗೆ ಕೂತಾಗ ಬೈಗುಳಕ್ಕೆ ಬೇರೆಯೇ ರುಚಿ. ಖಾಲಾ ಬೈಯುವಾಗ ಫೂಫಿ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗುತ್ತಿದ್ದರು, ಮಾತು ಮುಗಿಯುವ ಮುಂಚೆಯೇ ಜವಾಬು ಅವರ ಹುಬ್ಬಿನಲ್ಲಿ ಕಾಣುತ್ತಿತ್ತು. ಇದನ್ನು ಯಾವ ಮೈಕೂ ಹಿಡಿಯುವುದಿಲ್ಲ. ಖಾಲಾ ಕುದುರೆ ಬಿಚ್ಚಿದರು. ಫೂಫಿ ಏಟಿನ ಮೇಲೆ, ಸರಿಯಾಗಿ ಏಟಿನ ತಲೆಯ ಮೇಲೆ, ಗುಬ್ಬಿ ಹಾರಿಸಿಬಿಟ್ಟರು. ಖಾಲಾರ ಮುಖವನ್ನು ನೋಡುತ್ತಲೇ ಹಾಡಿದರು. ಖಾಲಾರ ತುಟಿ ಮೊದಲು ಬಿಗಿಯಾಯಿತು, ಆಮೇಲೆ ಅದುರಿತು. ನಗು.

ಈಗ ಜವಾಬು ಖಾಲಾರದು. ಅವರು ಉಸಿರೆಳೆದುಕೊಂಡರು. ನಗುವಿಗೋ ಚಳಿಗೋ, ಉಸಿರು ಅರ್ಧಕ್ಕೇ ಸಿಕ್ಕಿಕೊಂಡಿತು. ಕೆಮ್ಮು ಬಂತು. ಮುಂದಿನ ಏಟು ನನ್ನ ಕೈಯಲ್ಲಿ ಎದ್ದು ನಿಂತಿತ್ತು. ಬಾರಿಸಿದರೆ ಅವರು ಸೋತರು.

ಕೈ ಮೇಲೇ ಇತ್ತು. ಇಳಿಸಲಿಲ್ಲ. ಎಷ್ಟು ಹೊತ್ತೋ, ಬಹಳವೇನಲ್ಲ. ಖಾಲಾ ಕಣ್ಣು ಒರೆಸಿಕೊಂಡು ಬಾಯಿ ತೆರೆದಾಗ ಅವರ ಮೊದಲ ಮಾತಿನ ಜೊತೆಗೇ ನನ್ನ ಏಟೂ ಬಿತ್ತು. ಹಾಡು ಮುಂದಕ್ಕೆ ಹೋಯಿತು. ಫೂಫಿ ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಿದೆ, ಮದುಮಗಳಂತೆ. ಈಗ ನಿಲ್ಲಿಸುತ್ತಾರೆ, ಈಗ ಎದ್ದು ಹೋಗುತ್ತಾರೆ ಎಂದು ಪ್ರತಿ ಏಟಿಗೂ ಕಾದೆ. ಫೂಫಿ ತಮ್ಮ ಸರದಿ ಬಂದಾಗ ಜವಾಬು ಎತ್ತಿಕೊಂಡರು.

ಕೊನೆಗೆ ಇಬ್ಬರೂ ಸೇರಿ ನನ್ನನ್ನೇ ಬೈಯತೊಡಗಿದರು. ಒಂದು ಸಾಲು ಖಾಲಾರದು, ಒಂದು ಸಾಲು ಫೂಫಿಯದು. ಓದಿದ ಹುಡುಗಿ, ರೊಟ್ಟಿ ದುಂಡಗೆ ಬರಲ್ಲ, ಅದನ್ನೂ ಕಂಪ್ಯೂಟರಲ್ಲೇ ದುಂಡಗೆ ಮಾಡ್ತಾಳೆ. ಮದುಮಗಳಿಗೆ ಜವಾಬಿನ ಹಕ್ಕಿಲ್ಲ. ಬಾರಿಸುತ್ತಾ ಬೈಸಿಕೊಂಡೆ. ಕಣ್ಣಿನಲ್ಲಿ ನೀರು ಬಂದದ್ದು ಗೊತ್ತಾದದ್ದು ಢೋಲಕ್ಕಿನ ಚರ್ಮದ ಮೇಲೆ ಬಿದ್ದಾಗ.

ಹೊರಡುವಾಗ ಫೂಫಿ ಈ ಸಲ ಮುಂಬಾಗಿಲಿಗೇ ಬಂದರು. ಚಪ್ಪಲಿ ಹಾಕಿಕೊಳ್ಳಲು ನನ್ನ ಭುಜ ಹಿಡಿದುಕೊಂಡರು. ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳದ ಹಾಗೆ ಅಂದರು:

“ನಿನ್ನ ಕೈ ತಡ ಮಾಡ್ತು.”

ನಾನು ಅವರ ಇನ್ನೊಂದು ಚಪ್ಪಲಿಯನ್ನು ಕಾಲಿನಿಂದ ಹತ್ತಿರ ಸರಿಸಿದೆ.

“ನಮ್ಮನೆಗೆ ಬಂದ್ಮೇಲೂ ಹಂಗೇ ಬಾರಿಸು.”

ಆಮೇಲೆ ಅಮ್ಮಿಯ ಕಡೆ ತಿರುಗಿ ದೊಡ್ಡ ದನಿಯಲ್ಲಿ, “ಏನ್ ಸಲೀಮಾ, ಬಾರಾತಿಗೆ ಎಷ್ಟು ಜನ ಅಂತ ಕೇಳೋದೇ ಇಲ್ವಾ ನೀನು?”

೧೨ ಜನವರಿ, ಸೋಮವಾರ

ಕ್ಯಾಸೆಟ್ ಎಲ್ಲಿ ಎಂದು ಜೀಶಾನ್ ಭಾಯಿ ಬೆಳಿಗ್ಗೆಯೇ ಕೇಳಿದ. ಕಂಪ್ಯೂಟರ್ ತೆರೆದು ನೋಡಿದೆ. ಏನೂ ಇಲ್ಲ. ಢೋಲಕ್ಕಿಗೆ ಎದ್ದು ಹೋದವಳು ರೆಕಾರ್ಡ್ ಒತ್ತಿಯೇ ಇರಲಿಲ್ಲ. ಅವನು ತಲೆ ಚಚ್ಚಿಕೊಂಡ. ನನಗೆ ಯಾಕೋ ಬೇಸರವಾಗಲಿಲ್ಲ.

ಅಭ್ಯರ್ಥಿ, ಇನ್ನು ಮೇಲೆ ಉಮೇರ್, ಫೋನು ಮಾಡಿದ್ದರು. ಅವರ ಅಮ್ಮಿ ನಿನ್ನೆ ಮನೆಗೆ ಬಂದವರು ಏನನ್ನೂ ಹೇಳದೆ ಹೊಸ ಪರದೆ ಬಟ್ಟೆ ಅಳೆಯುತ್ತ ಕೂತರಂತೆ.

“ಕ್ಯಾಸೆಟ್ ಯಾವಾಗ ಬರುತ್ತೆ?” ಅಂದರು.

“ಬರಲ್ಲ. ರೆಕಾರ್ಡೇ ಆಗಿಲ್ಲ.”

“ಮತ್ತೆ ನಾನು ಹೆಂಗೆ ಕೇಳೋದು?”

“ಹದಿನೆಂಟನೇ ತಾರೀಖು ಆಗಲಿ. ನಾನೇ ಹಾಡ್ತೀನಿ” ಅಂದುಬಿಟ್ಟೆ.

ಫೋನಿಟ್ಟ ಮೇಲೆ ನೆನಪಾಯಿತು. ನನಗೆ ಹಾಡಲು ಬರುವುದಿಲ್ಲ.